ಹೆರಾಲ್ಡ್ ಕಾರಿನ ಟಾಪ್ ಸೋರುತ್ತಿದೆ, ವೆಲ್ಡ್ ಮಾಡಿಸಲೇ?

ಪ್ರಶ್ನೆ: ನಮ್ಮ ತಾತ ಕೊಂಡಿದ್ದ 1967ರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಮನೆಯ ಶೆಡ್ಡಿನಲ್ಲಿದೆ. ಎಂಜಿನ್ ಕೆಲಸ ಆಗಿದೆ, ಓಡುತ್ತದೆ. ತೊಂದರೆಯೆಲ್ಲ ಬಾಡಿಯದು. ಈ ಕಾರಿನ ಟಾಪ್ ಬೋಲ್ಟ್ ಬಿಚ್ಚಿದರೆ ಇಡಿಯಾಗಿ ಕಳಚಿ ಬರುತ್ತದೆ. ಮಳೆ ಬಂದರೆ ಮುಂಗಾಜಿನ ಮೇಲಿನ ಮೂಲೆಯಿಂದ ನೀರು ತೊಟ್ಟಿಕ್ಕುತ್ತದೆ, ಹಿಂದಿನ ಸೀಟಿನ ಬೆನ್ನು ಒದ್ದೆಯಾಗುತ್ತದೆ. ಡ್ರೈವರ್ ಕಡೆಯ ಬಾಗಿಲನ್ನು ಎತ್ತಿ ಹಾಕಬೇಕು. ಟಾಪಿನ ಸಂದಿಗೆ ಸಿಲಿಕೋನ್ ತುಂಬಿಸಿದ್ದೆ, ಒಂದೇ ಮಳೆಗಾಲಕ್ಕೆ ಬಿಟ್ಟುಕೊಂಡಿತು. ಒಬ್ಬ ಟಿಂಕರ್ ‘ಟಾಪನ್ನು ಸುತ್ತ ವೆಲ್ಡ್ ಮಾಡಿ ಪುಟ್ಟಿ ಎಳೆದುಬಿಡೋಣ’ ಅನ್ನುತ್ತಾರೆ. ಇನ್ನೊಬ್ಬರು ‘ಟಾಪೇ ಬೇಡ, ಓಪನ್ ಕಾರು ಮಾಡಿಸಿ’ ಅನ್ನುತ್ತಾರೆ. ಮೂರನೆಯವರದು ‘ಇಡೀ ಬಾಡಿ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ’ ಎಂಬ ಸಲಹೆ, ಅಂದರೆ ಗಾಳಿಯ ಒತ್ತಡದಲ್ಲಿ ಮರಳು ಎರಚಿ ಬಣ್ಣ, ತುಕ್ಕು ಕೀಳುವುದು. ಯಾವುದು ಸರಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರೂ ಬೇಡ. ನೀವು ಮೂರು ತೊಂದರೆ ಬರೆದಿದ್ದೀರಿ: ಮುಂದೆ ಸೋರಿಕೆ, ಹಿಂದೆ ಸೋರಿಕೆ, ಜೋತ ಬಾಗಿಲು. ಮೂರಕ್ಕೂ ಬೇರು ಒಂದೇ ಇರುವ ಸಾಧ್ಯತೆ ಹೆಚ್ಚು, ಮತ್ತು ಆ ಬೇರು ಟಾಪಿನಲ್ಲಿಲ್ಲ, ಕಾರಿನ ಕೆಳಗಿದೆ. ಟಾಪಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಯಲ್ಲಿ.

ಹೆರಾಲ್ಡ್ ಕಟ್ಟಿರುವ ರೀತಿ ನಮ್ಮ ಊರಿನ ಟಿಂಕರ್‌ಗಳಿಗೆ ಅಷ್ಟು ಪರಿಚಿತವಲ್ಲ. ಅಂಬಾಸಿಡರ್, ಫಿಯೆಟ್‌ಗಳಲ್ಲಿ ಬಾಡಿಯೇ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು. ಟಾಪ್, ಕಂಬ, ನೆಲ ಎಲ್ಲ ಸೇರಿ ಒಂದು ಪೆಟ್ಟಿಗೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್, 1961ರಿಂದ ಮದರಾಸಿನಲ್ಲಿ ತಯಾರಾದ ಅದರ ತಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ಹಾಗಲ್ಲ. ಕೆಳಗೆ ಬೇರೆಯದೇ ಚಾಸಿ ಇದೆ. ಅದರ ಮೇಲೆ ಮುಂದಿನ ಬಾಡಿ, ಹಿಂದಿನ ಬಾಡಿ, ಟಾಪ್, ಪಕ್ಕದ ಸಿಲ್ (ಬಾಗಿಲ ಕೆಳಗಿನ ಉದ್ದ ಪಟ್ಟಿ), ಇಡಿಯಾಗಿ ಮುಂದಕ್ಕೆ ಬಾಗುವ ಬಾನೆಟ್, ಹೀಗೆ ಬಿಡಿ ಭಾಗಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ. ಫಿಯೆಟ್‌ನಲ್ಲಿ ಸಿಲ್ ತುಕ್ಕು ತಿಂದರೆ ಕಾರೇ ಬಾಗುತ್ತದೆ. ಹೆರಾಲ್ಡಿನಲ್ಲಿ ಸಿಲ್ ಬರೀ ಮುಚ್ಚಳ, ಭಾರ ಹೊರುವುದು ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳು. ಅವಕ್ಕೆ ಔಟ್‌ರಿಗ್ಗರ್ ಅನ್ನುತ್ತಾರೆ. ತಗಡಿನ ಟೊಳ್ಳು ತೋಳುಗಳಾದ್ದರಿಂದ ಒಳಗೆ ಮಣ್ಣು, ತೇವ ಕೂತು ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಕಪ್ಪು ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ.

ತೋಳು ಸೋತರೆ ಬಾಡಿ ನಡುವೆ ಇಳಿಯುತ್ತದೆ. ನಡು ಇಳಿದರೆ ಮುಂಗಾಜಿನ ಕಂಬವೂ ಬಾಗಿಲ ಹಿಂದಿನ ಕಂಬವೂ ಮೇಲ್ತುದಿಯಲ್ಲಿ ಒಂದರ ಕಡೆಗೊಂದು ವಾಲುತ್ತವೆ. ಆ ವಾಲುವಿಕೆಯನ್ನು ತಡೆದು ನಿಂತಿರುವುದು ನಿಮ್ಮ ಟಾಪ್. ಎರಡೂ ಕಡೆಯ ಒತ್ತಡ ಅದರ ಬೋಲ್ಟುಗಳ ಮೇಲೆ ಬೀಳುತ್ತದೆ. ರಸ್ತೆಯ ಪ್ರತಿ ಹಂಪಿಗೂ ಸಂದಿ ಅರ್ಧ ಮಿಲಿಮೀಟರಿನಷ್ಟು ಆಡುತ್ತದೆ, ಬೋಲ್ಟಿನ ತೂತು ಉದ್ದವಾಗುತ್ತದೆ, ಸೀಲ್ ಹರಿಯುತ್ತದೆ. ನಿಮ್ಮ ಸಿಲಿಕೋನ್ ಒಂದೇ ಮಳೆಗಾಲಕ್ಕೆ ಬಿಟ್ಟಿದ್ದು ಮಾಲು ಕಳಪೆ ಎಂದಲ್ಲ, ಸಂದಿ ಆಡುತ್ತಿದೆ ಎಂದು.

ಈಗ ಟಾಪನ್ನು ವೆಲ್ಡ್ ಮಾಡಿದರೆ ಏನಾಗುತ್ತದೆ ನೋಡಿ. ಆಟ ನಿಲ್ಲುವುದಿಲ್ಲ, ಜಾಗ ಬದಲಿಸುತ್ತದೆ: ಮುಂಗಾಜಿನ ಕಂಬದ ಬುಡದಲ್ಲಿ ಬಿರುಕು, ಇಲ್ಲವೇ ಗಾಜಿನ ಮೂಲೆಯಲ್ಲೇ ಬಿರುಕು. ವೆಲ್ಡಿನ ಬಿಸಿಗೆ ಟಾಪಿನ ಸಪಾಟಾದ ನಡುಭಾಗ ಅಲೆಯಾಗುತ್ತದೆ. ಅದನ್ನು ಮುಚ್ಚಲು ಪುಟ್ಟಿ. ಸಂದಿಯ ಒಳಮಗ್ಗುಲಲ್ಲಿ ಬಣ್ಣ ಸುಟ್ಟಿರುತ್ತದೆ, ಅಲ್ಲಿಗೆ ಮತ್ತೆ ಬಣ್ಣ ಹೊಡೆಯಲು ದಾರಿಯೇ ಇಲ್ಲ, ಆದ್ದರಿಂದ ಎರಡು ಮೂರು ವರ್ಷದಲ್ಲಿ ವೆಲ್ಡ್ ಗೆರೆಯುದ್ದಕ್ಕೂ ಬೊಬ್ಬೆ ಏಳುತ್ತವೆ. ಇಷ್ಟರ ಮೇಲೆ ಆ ಟಾಪ್ ಇನ್ನು ಕಳಚುವುದಿಲ್ಲ. ಹಳೆಯ ಹೆರಾಲ್ಡ್ ಕೊಳ್ಳುವವರು ಮೊದಲು ಬಗ್ಗಿ ನೋಡುವುದು ಇಂಥದನ್ನೇ.

ಮೊದಲು ರೋಗ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಕಾರನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಅದರ ನಾಲ್ಕು ಚಕ್ರದ ಮೇಲೇ ನಿಲ್ಲಿಸಿ. ಡ್ರೈವರ್ ಬಾಗಿಲನ್ನು ಅರ್ಧ ತೆರೆದು ಹಿಂತುದಿಯನ್ನು ಎರಡೂ ಕೈಯಿಂದ ಮೆಲ್ಲಗೆ ಮೇಲೆತ್ತಿ, ಇನ್ನೊಬ್ಬರು ಹಿಂಜಸ್ಸಿನ ಮೇಲೆ ಬೆರಳಿಟ್ಟಿರಲಿ. ಹಿಂಜಸ್ ಕಟಕ್ ಎಂದು ಆಡಿದರೆ ಪಿನ್ನು ಸವೆದಿದೆ. ಅದು ಸಣ್ಣ ಕೆಲಸ, ಲೇಥಿನಲ್ಲಿ ಒಂದು ಸೈಜು ದಪ್ಪದ ಪಿನ್ನು ಮಾಡಿಸಿ ತೂತನ್ನು ಅದಕ್ಕೆ ತಕ್ಕಂತೆ ರೀಮ್ ಮಾಡಿಸಿದರೆ (ನಯವಾಗಿ ಹಿಗ್ಗಿಸಿದರೆ) ಮುಗಿಯಿತು. ಹಿಂಜಸ್ ಬಿಗಿಯಾಗಿದ್ದೂ ಬಾಗಿಲು ಕೂರುತ್ತಿಲ್ಲವೆಂದರೆ ಬಾಗಿಲು ಮುಚ್ಚಿ ಅದರ ಹಿಂದಿನ ಸಂದಿಯನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಮೇಲೆ 2–3 ಮಿ.ಮೀ., ಕೆಳಗೆ 7–8 ಮಿ.ಮೀ. ಇದ್ದರೆ ಬಾಡಿ ನಡುವೆ ಇಳಿದಿದೆ ಎಂದರ್ಥ. 4–5 ಮಿ.ಮೀ. ಒಂದೇ ಸಮ ಬಂದರೆ ಹಳೆಯ ಕಾರಿಗೆ ಅದು ಒಳ್ಳೆಯ ಸಂದಿ.

ಆಮೇಲೆ ಕೆಳಗೆ ಮಲಗಿ. ಬಾಡಿಯನ್ನು ಚಾಸಿಗೆ ಕೂರಿಸಿದ ಪ್ರತಿ ಬೋಲ್ಟಿನ ಸುತ್ತ ಹಳೆಯ ಸ್ಕ್ರೂ ಡ್ರೈವರಿನಿಂದ ತಟ್ಟಿ, ಒತ್ತಿ ಚುಚ್ಚಿ. ಒಳ್ಳೆಯ ತಗಡು ‘ಟಣ್’ ಅನ್ನುತ್ತದೆ, ಸತ್ತದ್ದು ‘ಬದ್’ ಅನ್ನುತ್ತದೆ. ಸ್ಕ್ರೂ ಡ್ರೈವರ್ ಒಳಗಿಳಿದರೆ ಬೇಸರ ಬೇಡ, ಈಗ ಗೊತ್ತಾಗಿದ್ದು ಒಳ್ಳೆಯದೇ. ಡಿಕ್ಕಿಯ ಕೆಳಗಿನ ತೋಳುಗಳನ್ನು ಮರೆಯಬೇಡಿ, ಹಿಂದಿನ ಚಕ್ರದ ನೀರು ನೇರ ಅಲ್ಲಿಗೇ ಎರಚುತ್ತದೆ. ಕೆಳಗೆ ಹೋಗುವ ಮುಂಚೆ ಜ್ಯಾಕಿನ ಮೇಲೊಂದೇ ನಂಬಿಕೆ ಇಡದೆ ಸ್ಟ್ಯಾಂಡ್ ಕೊಡಿ, ಅದೂ ಚಾಸಿಯ ನಡುವಿನ ದಪ್ಪ ಉದ್ದತೊಲೆಗೆ. ತುಕ್ಕು ತಿಂದ ತೋಳಿಗೆ ಸ್ಟ್ಯಾಂಡ್ ಕೊಟ್ಟರೆ ಕಾರು ನಿಮ್ಮ ಮೇಲೆ ಬರುತ್ತದೆ.

ಸೋರಿಕೆಯ ಪರೀಕ್ಷೆ ಬೇರೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಹೊರಗಿನವರು ಪೈಪಿನ ನೀರನ್ನು ಜೋರಿಲ್ಲದೆ ಬಿಡಲಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಬಾನೆಟ್ ಮುಗಿಯುವಲ್ಲಿ, ಆಮೇಲೆ ಮುಂಗಾಜಿನ ಕೆಳ ಅಂಚು, ಪಕ್ಕ, ಮೇಲಂಚು, ಕೊನೆಗೆ ಟಾಪಿನ ಸಂದಿ. ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಏನೂ ತಿಳಿಯುವುದಿಲ್ಲ. ಒಳಗೆ ಶಂಕೆ ಇರುವ ಗೆರೆಗೆ ಮುಖದ ಪೌಡರ್ ಉದುರಿಸಿದರೆ ನೀರು ಹರಿದ ದಾರಿ ಎಳೆ ಎಳೆಯಾಗಿ ಕಾಣುತ್ತದೆ. ಹಿಂಗಾಜು ಟಾಪಿನಲ್ಲೇ ಕೂತಿರುವ ಕಾರು ಇದು, ಹಾಗಾಗಿ ಸೀಟಿನ ಬೆನ್ನು ಒದ್ದೆಯಾಗುವುದಕ್ಕೆ ಹಿಂಗಾಜಿನ ರಬ್ಬರೂ ಕಾರಣವಿರಬಹುದು, ಟಾಪಿನ ಬುಡದ ಸಂದಿಯೂ ಇರಬಹುದು. ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಕೆಳಗಿನ ಕೆಲಸ ಟಾಪ್ ಇದ್ದಾಗಲೇ

‘ಟಾಪ್ ತೆಗೆದರೆ ಕೆಲಸಕ್ಕೆ ಅನುಕೂಲ’ ಎಂದು ಬಿಚ್ಚಿ ಪಕ್ಕಕ್ಕಿಟ್ಟು ನೆಲ, ತೋಳು ಕತ್ತರಿಸಲು ಶುರು ಮಾಡುವುದು ಹೆಚ್ಚಿನವರು ಎಡವುವ ಜಾಗ. ಹೊರ ಕವಚ ಕಳಚಿದ ಬೆಂಕಿಪೊಟ್ಟಣದ ಒಳಪೆಟ್ಟಿಗೆ ಹೇಗೆ ಓರೆಯಾಗುತ್ತದೋ ಬಾಡಿಯೂ ಹಾಗೇ. ಆ ಓರೆಯಲ್ಲೇ ವೆಲ್ಡ್ ಬಿದ್ದರೆ ಆಮೇಲೆ ಟಾಪಿನ ತೂತುಗಳು ಬೋಲ್ಟಿಗೆ ಸಿಗುವುದಿಲ್ಲ. ಆಗ ಸುತ್ತಿಗೆ, ಲಿವರ್ ಬರುತ್ತವೆ.

ಆದ್ದರಿಂದ ಟಾಪ್ ಮೇಲಿರಲಿ, ಬಾಗಿಲುಗಳೂ ತೂಗುತ್ತಿರಲಿ. ಎರಡೂ ಬಾಗಿಲ ಚೌಕಟ್ಟಿಗೆ ಕರ್ಣದ ಅಳತೆ ತೆಗೆದು ಗೋಡೆಯ ಮೇಲೆ ಬರೆದಿಡಿ. ಎಡ-ಬಲದ ವ್ಯತ್ಯಾಸ 3 ಮಿ.ಮೀ. ಒಳಗಿರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಟಾಪಿನ ಬೋಲ್ಟು ಸಡಿಲಿಸಿ, ಜ್ಯಾಕಿನಿಂದ ನಡುವನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಸಂದಿ ಸಮವಾಗುವಲ್ಲಿ ನಿಲ್ಲಿಸಿ, ಒಂದಿಂಚಿನ ಚೌಕ ಪೈಪನ್ನು ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಅಡ್ಡ ಕೊಡಬೇಕು. ಆಮೇಲೆಯೇ ಕತ್ತರಿ. ತೋಳುಗಳನ್ನು ಒಂದು ಬದಲಿಸಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಎರಡೂ ಬದಿ ಒಟ್ಟಿಗೆ ಕತ್ತರಿಸಲು ಬಿಡಬೇಡಿ.

ತಗಡು ಯಾವುದು ಅಂತ ನೀವೇ ಹೇಳಿ ತರಿಸಿ. ತೋಳುಗಳಿಗೆ 14 ಅಥವಾ 16 ಗೇಜ್, ನೆಲಕ್ಕೆ 18 ಗೇಜ್, ಹೊರಗೆ ಕಾಣುವ ಭಾಗಕ್ಕೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟು; ಗೇಜ್ ಅಂಕಿ ಹೆಚ್ಚಾದಷ್ಟೂ ತಗಡು ತೆಳು. ತುಕ್ಕು ಹಿಡಿಯುವುದಿಲ್ಲ ಎಂದು ಜಿಐ (ಸತು ಲೇಪಿಸಿದ) ಶೀಟು ತರುತ್ತಾರೆ, ಬೇಡ. ಸತು ಸುಟ್ಟ ಹೊಗೆ ಎದೆಗೆ ಕೆಟ್ಟದ್ದು, ವೆಲ್ಡೂ ತೂತುತೂತಾಗಿ ಬರುತ್ತದೆ. ಗ್ಯಾಸ್ ವೆಲ್ಡಿಂಗ್‌ನಲ್ಲಿ ಪಳಗಿದ ಹಿರಿಯ ಟಿಂಕರ್‌ಗಳು ನಮ್ಮಲ್ಲಿ ಇದ್ದಾರೆ, ಸಣ್ಣ ಮೂಲೆಗಳಿಗೆ ಅವರ ಕೈ ಚೆನ್ನ. ಆದರೆ ಅಗಲ ತಗಡಿಗೆ ಮಿಗ್ ವೆಲ್ಡಿಂಗೇ (ಗನ್ನಿನಿಂದ ವೈರು ತಾನೇ ಬರುವ ವಿದ್ಯುತ್ ವೆಲ್ಡಿಂಗ್) ಆಗಬೇಕು, 0.8 ಮಿ.ಮೀ. ವೈರು ಅಥವಾ ಅದಕ್ಕಿಂತ ಸಣ್ಣದು. ಒಂದೇ ಗೆರೆ ಎಳೆಯದೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಕೈಯಿಟ್ಟರೆ ತಾಳುವಷ್ಟು ಆರಿದ ಮೇಲೆ ನಡುವಿನ ಜಾಗ ತುಂಬಬೇಕು. ಪೆಟ್ರೋಲ್ ಟ್ಯಾಂಕ್ ಡಿಕ್ಕಿಯಲ್ಲೇ ಇರುವ ಕಾರು ಇದು. ಹಿಂದೆ ಒಂದು ಕಿಡಿ ಹಾರುವ ಮುಂಚೆಯೂ ಟ್ಯಾಂಕನ್ನು ಕಳಚಿ ಬೇರೆ ಕೋಣೆಗೆ ಸಾಗಿಸಿ, ಬ್ಯಾಟರಿ ಬಿಡಿಸಿ. ‘ಖಾಲಿ ಮಾಡಿದ್ದೇವೆ ಸಾರ್’ ಎಂಬ ಮಾತು ಸಾಲದು, ಆವಿಯೇ ಹೆಚ್ಚು ಅಪಾಯ.

ತೋಳುಗಳಾದ ಮೇಲೆ ಬಾಡಿಗೂ ಚಾಸಿಗೂ ನಡುವಿನ ಪ್ಯಾಕಿಂಗ್ ಹೊಸದು ಹಾಕಿ, ಬಾಗಿಲ ಸಂದಿಯನ್ನು 1 ಮಿ.ಮೀ. ಶಿಮ್‌ಗಳಿಂದ (ತೆಳು ತಗಡಿನ ಬಿಲ್ಲೆಗಳಿಂದ) ತಿದ್ದಿ. ಒಂದು ಶಿಮ್ ಹಾಕಿ ಬೋಲ್ಟ್ ಬಿಗಿ ಮಾಡಿ ಅಳೆದು ನೋಡಿಯೇ ಇನ್ನೊಂದು. ಬುಡದಲ್ಲಿ ಒಂದು ಮಿಲಿಮೀಟರ್ ಅಂದರೆ ಬಾಗಿಲ ತುದಿಯಲ್ಲಿ ಅದಕ್ಕಿಂತ ಜಾಸ್ತಿ. ಕಾರನ್ನು ಒಂದಷ್ಟು ದಿನ ಹಾಗೇ ಓಡಿಸಿ ಬಾಗಿಲು ಬೆರಳಿನಿಂದ ತಳ್ಳಿದರೆ ಮುಚ್ಚುತ್ತದೆ ಅಂತಾದ ಮೇಲೆ ಟಾಪ್ ಬಿಚ್ಚುವ ಮಾತು.

ಟಾಪ್ ಬಿಚ್ಚುವುದು, ಬಣ್ಣ

ಬೋಲ್ಟುಗಳು ಮುಂಗಾಜಿನ ಮೇಲಂಚಿನಲ್ಲಿ, ಬಾಗಿಲ ಹಿಂದಿನ ಕಂಬಗಳಲ್ಲಿ, ಹಿಂಗಾಜಿನ ಕೆಳಗೆ ಇರುತ್ತವೆ. ಕೆಲವು ಒಳಗಿನ ಬಟ್ಟೆ, ಬೀಡಿಂಗ್ ಹಿಂದೆ ಅಡಗಿರುತ್ತವೆ. ಬರದಿದ್ದರೆ ಎಳೆಯಬೇಡಿ, ಎಲ್ಲೋ ಒಂದು ಬೋಲ್ಟ್ ಉಳಿದಿದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಇವು ಇಂಚಿನ ಅಳತೆಯ ಥ್ರೆಡ್ಡಿನವು. 1/4 ಇಂಚಿನದಕ್ಕೆ 7/16ರ ಸ್ಪ್ಯಾನರ್, 5/16ರದಕ್ಕೆ 1/2 ಇಂಚಿನದು. 5/16ರ ಜಾಗಕ್ಕೆ ಎಂಟು ಎಂಎಂ ಬೋಲ್ಟ್ ‘ಕೂತುಬಿಡುತ್ತದೆ’ ಎಂದು ತಿರುಗಿಸುವವರಿದ್ದಾರೆ. ದಪ್ಪ ಹೆಚ್ಚುಕಡಿಮೆ ಒಂದೇ, ಥ್ರೆಡ್ ಬೇರೆ. ಎರಡು ಸುತ್ತು ಹೋಗಿ ಒಳಗಿನ ನಟ್ಟನ್ನೇ ತಿಂದುಹಾಕುತ್ತದೆ. ಹಳೆಯ ಬೋಲ್ಟ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಹಿಂಗಾಜನ್ನು ಮೊದಲು ಬಿಡಿಸಿಕೊಂಡರೆ ಕ್ಷೇಮ. ನಾಲ್ಕು ಜನ ಎತ್ತಬೇಕು, ನಾಲ್ಕು ಮೂಲೆಗೆ ಒಬ್ಬೊಬ್ಬರು. ಇಳಿಸಿದ ಟಾಪನ್ನು ಅಂಗಾತ ನೆಲಕ್ಕೆ ಹಾಕಬೇಡಿ, ಗೋಡೆಗೂ ಒರಗಿಸಬೇಡಿ. ಕಂಬಗಳ ತುದಿಯ ಮೇಲೆ ನಿಲ್ಲುವಂತೆ ಮರದ ರೀಪರಿನ ಚೌಕಟ್ಟು ಮಾಡಿ ಹಳೆಯ ಕಂಬಳಿ ಸುತ್ತಿ.

ಸ್ಯಾಂಡ್ ಬ್ಲಾಸ್ಟಿಂಗ್ ಚಾಸಿಗೆ, ತೋಳಿಗೆ, ಬ್ರಾಕೆಟ್ಟಿಗೆ ಸರಿ. ಟಾಪಿಗೆ, ಬಾನೆಟ್ಟಿಗೆ, ಬಾಗಿಲಿಗೆ ಬೇಡವೇ ಬೇಡ. ಲಾರಿ ಚಾಸಿಗೆ ಬಳಸುವ ಒತ್ತಡ, ದಪ್ಪ ಮರಳು ಇಲ್ಲಿಗೆ ಬಿದ್ದರೆ 20 ಗೇಜ್ ತಗಡು ಹಿಗ್ಗಿ ಹಪ್ಪಳವಾಗುತ್ತದೆ. ಟಾಪಿಗೆ ಪೇಂಟ್ ರಿಮೂವರ್ ಹಚ್ಚಿ ಕೆರೆದು, ಉಳಿದದ್ದನ್ನು 80, ಆಮೇಲೆ 120ರ ಉಜ್ಜುವ ಪೇಪರಿನಲ್ಲಿ ತೆಗೆಯಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಧೂಳಿನ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮಳೆಗಾಲುವೆಯ ಅಂಚು, ಮುಂಗಾಜಿನ ಮೇಲಿನ ಎರಡು ಮೂಲೆ, ಹಿಂದಿನ ಕಂಬದ ಬುಡ, ತುಕ್ಕು ಅಡಗುವುದು ಇಲ್ಲೇ. ಅಯಸ್ಕಾಂತಕ್ಕೆ ತೆಳುಬಟ್ಟೆ ಸುತ್ತಿ ಅಲ್ಲೆಲ್ಲ ಸವರಿ. ಹಿಡಿತ ಸಡಿಲವಾದ ಕಡೆ ಹಳೆಯ ಪುಟ್ಟಿ ದಪ್ಪಗಿದೆ.

ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಿಮೂವರ್ ಹಚ್ಚಿದ ಮೇಲೆ ತೊಳೆಯುವ ನೀರು ನಮ್ಮ ಕಡೆ ಬಹಳ ಮುಖ್ಯ. ಬೋರ್‌ವೆಲ್ ನೀರು ಆರಿದ ಮೇಲೆ ಬಕೆಟ್ಟಿನ ಅಂಚಿನಲ್ಲಿ ಬಿಳಿ ಕರೆ ನಿಲ್ಲುವುದನ್ನು ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಹೇಳಬೇಕಿಲ್ಲ. ಅದೇ ಉಪ್ಪು ತಗಡಿನ ಮೇಲೆ ಉಳಿದು ಬಣ್ಣದ ಕೆಳಗೆ ತೇವ ಎಳೆಯುತ್ತದೆ, ಮುಂದಿನ ವರ್ಷ ಸಾಸಿವೆ ಗಾತ್ರದ ಗುಳ್ಳೆ. ಕೊನೆಯ ತೊಳೆತಕ್ಕೆ ಎರಡು ಕ್ಯಾನ್ ಫಿಲ್ಟರ್ ನೀರು ತರಿಸಿ. ತಕ್ಷಣ ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಿ, ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಟಾಪಿನ ಒಳ-ಹೊರಗೆ ಸೇರಿ ಒಂದು ಲೀಟರ್ ಆಸುಪಾಸು ಬೇಕಾಗುತ್ತದೆ. ರೆಡ್ ಆಕ್ಸೈಡ್ ಕಿಟಕಿ ಸರಳಿಗೆ ಇರಲಿ, ಅದು ನೀರನ್ನು ತಡೆಯುವುದಿಲ್ಲ, ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಬಿದ್ದರೆ ಎದ್ದೂ ಬರುತ್ತದೆ.

ಪುಟ್ಟಿ ಎಪಾಕ್ಸಿಯ ಮೇಲೆ, ಬರೀ ತಗಡಿನ ಮೇಲಲ್ಲ. 2 ಮಿ.ಮೀ. ಮೀರುವಂತಿದ್ದರೆ ತಗಡನ್ನು ಇನ್ನೂ ತಟ್ಟಬೇಕು ಅಂತ. ಪುಟ್ಟಿಯನ್ನು ನೀರು ಹಾಕಿ ಉಜ್ಜುವುದು ನಮ್ಮ ಗ್ಯಾರೇಜುಗಳ ಹಳೆಯ ಅಭ್ಯಾಸ, ಧೂಳು ಬರುವುದಿಲ್ಲವೆಂದು. ಆದರೆ ಪುಟ್ಟಿ ನೀರು ಹೀರಿಕೊಳ್ಳುತ್ತದೆ, ಆ ನೀರು ಬಿಸಿಲಿಗೆ ಬಣ್ಣವನ್ನು ಎತ್ತುತ್ತದೆ. 80, 180, 240 ಪೇಪರಿನಲ್ಲಿ ಒಣಗಿದ್ದಾಗಲೇ ಉಜ್ಜಲಿ. ಸರ್ಫೇಸರ್ (ಬಣ್ಣಕ್ಕೆ ಮುಂಚೆ ಮೈ ನಯ ಮಾಡುವ ಲೇಪ) ಬಿದ್ದ ಮೇಲೆ 400, 600ಕ್ಕೆ ನೀರು ಹಾಕಬಹುದು.

ಬಣ್ಣ ಹೊಡೆಯಲು ನವೆಂಬರಿನಿಂದ ಫೆಬ್ರವರಿ ಒಳ್ಳೆಯದು, ಬೆಳಗಿನ ಇಬ್ಬನಿ ಆರಿ ತಗಡು ಬೆಚ್ಚಗಾದ ಮೇಲೆ. ಏಪ್ರಿಲ್ ಮಧ್ಯಾಹ್ನ ಗನ್ನಿನಿಂದ ಹೊರಟ ಬಣ್ಣ ತಗಡು ಮುಟ್ಟುವಷ್ಟರಲ್ಲಿ ಅರ್ಧ ಒಣಗಿ ಮರಳು ಮರಳಾಗುತ್ತದೆ. ಕೆಲಸ ಚಿತ್ರದುರ್ಗದಲ್ಲಿ ಮಾಡಿಸಿದರೆ ಗಾಳಿಯನ್ನೂ ಲೆಕ್ಕಕ್ಕಿಡಿ, ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟ ಊರದು. ಮೂರು ಕಡೆ ಮುಚ್ಚಿದ ಶೆಡ್ಡಿಲ್ಲದ ಪೇಂಟರಿಗೆ ಕೊಡಬೇಡಿ. ಪಿಯು ಬಣ್ಣದ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ, ಉಬ್ಬಸ ತರುವ ವಸ್ತು. ಮುಖಕ್ಕೆ ಕರ್ಚೀಫು ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಕಾರ್ಟ್ರಿಜ್ ಇರುವ ಮಾಸ್ಕನ್ನು ನೀವೇ ಕೊಂಡು ಪೇಂಟರಿಗೆ ಕೊಡಿ.

ಮತ್ತೆ ಕೂರಿಸುವಾಗ

ಸಂದಿಗೆ ಏನು ಹಾಕಬೇಕು ಎಂಬಲ್ಲಿ ಎಲ್ಲರೂ ತಪ್ಪುತ್ತಾರೆ. ಎಂ-ಸೀಲ್ ಕಲ್ಲಾಗುತ್ತದೆ, ಮೊದಲ ಹಂಪಿಗೇ ಬಿರುಕು. ವಿನೆಗರ್ ವಾಸನೆಯ ಸಿಲಿಕೋನ್ ತನ್ನ ಆಸಿಡ್‌ನಿಂದಲೇ ತಗಡಿಗೆ ತುಕ್ಕು ತರುತ್ತದೆ, ಮತ್ತು ಅದರ ಕುರುಹು ಉಳಿದ ಕಡೆ ಹೊಸ ಬಣ್ಣ ಮೀನಿನ ಕಣ್ಣಿನಂತೆ ಸಿಡಿಯುತ್ತದೆ. ನಿಮ್ಮ ಕಾರಿನಲ್ಲಿರುವ ಸಿಲಿಕೋನನ್ನು ಬಣ್ಣದ ಕೆಲಸಕ್ಕೆ ಮುಂಚೆ ಬ್ಲೇಡಿನಿಂದ ಕೆರೆದು, ವ್ಯಾಕ್ಸ್-ಗ್ರೀಸ್ ರಿಮೂವರಿನಲ್ಲಿ ಪ್ರತಿ ಸಲ ಹೊಸ ಬಟ್ಟೆ ತೆಗೆದುಕೊಂಡು ಒರೆಸಿ. ಗಾಜು ಅಂಟಿಸುವ ಪಿಯು ಸೀಲೆಂಟ್ ಗಟ್ಟಿ, ಆದರೆ ಮುಂದೆ ಟಾಪ್ ಬಿಚ್ಚಲು ತಂತಿ ಹಾಕಿ ಕೊಯ್ಯಬೇಕಾದೀತು. ಇಲ್ಲಿಗೆ ತಕ್ಕದ್ದು ಗಟ್ಟಿಯಾಗದ ಬ್ಯುಟೈಲ್ ಪಟ್ಟಿ, ಅಂದರೆ ಅಂಟಂಟಾದ ರಬ್ಬರ್ ಪಟ್ಟಿ. ರಬ್ಬರುಗಳು ಇಂಗ್ಲೆಂಡಿನ ಬಿಡಿಭಾಗದ ವ್ಯಾಪಾರಿಗಳಲ್ಲಿ ಈಗಲೂ ಸಿಗುತ್ತವೆ, ಎರಡು ಬಾಗಿಲಿನ ಕಾರಾದ್ದು ನಿಮ್ಮ ಪುಣ್ಯ. ನಾಲ್ಕು ಬಾಗಿಲಿನ ಮಾರ್ಕ್ 3 ಭಾರತದಲ್ಲಿ ಮಾತ್ರ ಬಂದದ್ದು, ಅದರ ಬಾಗಿಲ ರಬ್ಬರಿಗೆ ಗುಜರಿಯೇ ಗತಿ.

ಉದ್ದವಾದ ತೂತುಗಳನ್ನು ವೆಲ್ಡ್ ತುಂಬಿ ಮತ್ತೆ ಕೊರೆಸಿರಬೇಕು. ಟಾಪ್ ಇಳಿಸಿ ಎಲ್ಲ ಬೋಲ್ಟನ್ನೂ ಕೈಯಲ್ಲಿ ಮಾತ್ರ ತಿರುಗಿಸಿ ಬಿಡಿ. ಬಾಗಿಲು ಮುಚ್ಚಿ ಗಾಜು ಏರಿಸಿ, ಗಾಜಿನ ಮೇಲಂಚು ಟಾಪಿನ ರಬ್ಬರಿಗೆ ಎರಡೂ ಕಡೆ ಸಮನಾಗಿ ತಾಗುವಂತೆ ಟಾಪನ್ನು ಸರಿಸಿ, ಆಮೇಲೆ ಹಿಂದಿನಿಂದ ಮುಂದಕ್ಕೆ ಎಡಕ್ಕೊಂದು ಬಲಕ್ಕೊಂದರಂತೆ ಬಿಗಿ ಮಾಡುತ್ತ ಬನ್ನಿ. ಒಂದು ಬದಿ ಪೂರ್ತಿ ಬಿಗಿದು ಇನ್ನೊಂದು ಬದಿಗೆ ಹೋದರೆ ಟಾಪ್ ಓರೆ ನಿಲ್ಲುತ್ತದೆ. ರಬ್ಬರಿಗೂ ಗಾಜಿಗೂ ನಡುವೆ ಪೇಪರ್ ಚೂರು ಸಿಕ್ಕಿಸಿ ಎಳೆದು ನೋಡಿ: ತಡೆದು ತಡೆದು ಬರಬೇಕು, ಜಾರಿ ಬಂದರೆ ಅಲ್ಲಿ ನೀರೂ ಬರುತ್ತದೆ.

ಓಪನ್ ಕಾರಿನ ಆಸೆ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ತೆರೆದ ಹೆರಾಲ್ಡ್ ಇತ್ತು, ಆದ್ದರಿಂದ ಆಗುವುದೇ ಇಲ್ಲ ಎನ್ನಲಾರೆ. ಆದರೆ ನಿಮ್ಮ ಆರ್‌ಸಿಯಲ್ಲಿ ಇರುವುದು ಸಲೂನ್, ಅಂದರೆ ಮುಚ್ಚಿದ ಟಾಪಿನ ಕಾರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಗೂ ಚಾಸಿ, ಬಾಡಿ ಶೆಲ್, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬ ಷರತ್ತಿದೆ. ಆ ನೋಂದಣಿ ಮಾಡಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ಬರಬಹುದು. ನಿಮ್ಮ ಮಾಮೂಲು ಆರ್‌ಸಿ ಚಾಲ್ತಿಯಲ್ಲಿದ್ದರೆ ಅದನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗುವುದು ಸಲೀಸು. ಬಣ್ಣ ಬದಲಿಸುವ ಯೋಚನೆ ಇದ್ದರೆ ಆರ್‌ಟಿಓ ಕಚೇರಿಗೆ ಮೊದಲು ಅರ್ಜಿ ಕೊಡಿ.

ಟಿಂಕರ್ ಜೊತೆ ‘ಒಟ್ಟು ಇಷ್ಟು’ ಎಂದು ಗುತ್ತಿಗೆ ಮಾತಾಡಬೇಡಿ. ಹಳೆಯ ಬಣ್ಣ ತೆಗೆಯುವ ತನಕ ಒಳಗೆ ಏನಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಗುತ್ತಿಗೆಯಲ್ಲಿ ನಷ್ಟ ಕಂಡಾಗ ಎಲ್ಲರೂ ಪುಟ್ಟಿಯ ಡಬ್ಬಿಯನ್ನೇ ತೆರೆಯುವುದು. ತೋಳು ಮತ್ತು ನೆಲ ಒಂದು ಕಂತು, ಬಾಗಿಲ ಸಂದಿ ಇನ್ನೊಂದು, ಎಪಾಕ್ಸಿಗೆ ಮುಂಚೆ ಬರೀ ತಗಡನ್ನು ನೀವು ಬಂದು ನೋಡಿದ ಮೇಲೆ ಮೂರನೆಯದು, ಪೈಪಿನ ನೀರಿನ ಪರೀಕ್ಷೆ ಮತ್ತೊಮ್ಮೆ ಪಾಸಾದ ಮೇಲೆ ಕೊನೆಯದು. ಮತ್ತು ಕಾರು 200–300 ಕಿ.ಮೀ. ಓಡಿದ ಮೇಲೆ ಟಾಪಿನ ಎಲ್ಲ ಬೋಲ್ಟುಗಳಿಗೂ ಒಂದು ಸುತ್ತು ಸ್ಪ್ಯಾನರ್ ತೋರಿಸಿ. ಹೊಸ ಬ್ಯುಟೈಲ್ ಅಷ್ಟರಲ್ಲಿ ಒತ್ತಿ ಕೂತು ಬೋಲ್ಟುಗಳು ಸಡಿಲಾಗಿರುತ್ತವೆ.